‘ಕಲ್ಲು ತೆಗೀತೀವಿ’ ಅಂದಾಗ ರೋಗಿಗೆ ಕೇಳಿಸಿದ್ದೇನು?

ಪಿತ್ತಕೋಶದ ಆಪರೇಷನ್ ಆಗಿ ಡಿಸ್ಚಾರ್ಜ್ ಆಗುವ ಹೊತ್ತಿಗೆ ವಾರ್ಡುಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ಅಯ್ಯೋ, ಚೀಲಾನೇ ತೆಗೆದುಬಿಟ್ರಾ? ಬರೀ ಕಲ್ಲು ತೆಗೀತಾರೆ ಅಂದ್ಕೊಂಡಿದ್ವಿ.’ ಕೇಸ್ ಶೀಟ್ ತೆರೆದರೆ ಸಮ್ಮತಿ ಪತ್ರ ಇರುತ್ತದೆ, ರೋಗಿಯ ಸಹಿ ಇರುತ್ತದೆ, ಸಾಕ್ಷಿಯ ಸಹಿಯೂ ಇರುತ್ತದೆ. ಸರ್ಜನ್ ಸುಳ್ಳು ಹೇಳಿರುವುದಿಲ್ಲ. ಹಿಂದಿನ ಸಂಜೆ ರೌಂಡ್ಸಿನಲ್ಲಿ ಮಂಚದ ಪಕ್ಕ ನಿಂತು ‘ಕಲ್ಲಿದೆ, ತೆಗೀತೀವಿ, ಸಣ್ಣ ಆಪರೇಷನ್, ಹೆದರಬೇಡಿ’ ಎಂದಿರುತ್ತಾರೆ. ತಪ್ಪು ತಿಳಿವಳಿಕೆ ಹುಟ್ಟುವುದು ಅಲ್ಲಿಯೇ.

ಕಲ್ಲು ಅಂದ ಕೂಡಲೇ ನಮ್ಮ ಜನರಿಗೆ ನೆನಪಾಗುವುದು ಕಿಡ್ನಿ ಕಲ್ಲು. ಬಾಳೆದಿಂಡಿನ ರಸ ಕುಡಿದು, ನೀರು ಜಾಸ್ತಿ ಕುಡಿದು, ಮೂತ್ರದಲ್ಲಿ ಕಲ್ಲು ಹೊರಗೆ ಹಾಕಿದ ನೆಂಟರೊಬ್ಬರು ಪ್ರತಿ ಮನೆಯಲ್ಲೂ ಇದ್ದಾರೆ. ನಾಲ್ಕೈದು ಮಿಲಿಮೀಟರಿನ ಕಿಡ್ನಿ ಕಲ್ಲು ಹಾಗೆ ಹೋಗುವುದು ನಿಜವೂ ಹೌದು. ಪಿತ್ತಕೋಶದ ಕಲ್ಲಿನ ದಾರಿ ಬೇರೆ. ಅದು ಜಾಗ ಬಿಟ್ಟು ಹೊರಟು ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಇದನ್ನು ಬಿಡಿಸಿ ಹೇಳದಿದ್ದರೆ ರೋಗಿ ಎರಡೂ ಕಲ್ಲನ್ನು ಒಂದೇ ಅಂದುಕೊಂಡೇ ಸಹಿ ಹಾಕುತ್ತಾರೆ.

ಇನ್ನು ‘ಪಿತ್ತ’. ವೈದ್ಯರಿಗೆ ಅದು ಲಿವರ್ ತಯಾರಿಸುವ ಜೀರ್ಣರಸ. ಮನೆಮಾತಿನಲ್ಲಿ ಪಿತ್ತ ಅಂದರೆ ಬಾಯಿ ಕಹಿ, ತಲೆಸುತ್ತು, ಬೆಳಗ್ಗೆ ಎದ್ದಾಗಿನ ವಾಕರಿಕೆ, ಹುಳಿತೇಗು. ‘ಪಿತ್ತಕೋಶ ತೆಗೀತೀವಿ’ ಎಂದರೆ ‘ಇನ್ನು ಪಿತ್ತದ ಕಾಟ ಇರಲ್ಲ’ ಎಂದು ಅರ್ಥ ಮಾಡಿಕೊಳ್ಳುವುದು ತೀರಾ ಸಹಜ. ಆದರೆ ಹುಳಿತೇಗು, ಹೊಟ್ಟೆಯುಬ್ಬರ ಈ ಆಪರೇಷನ್ನಿನಿಂದ ಹೋಗಲೇಬೇಕೆಂದಿಲ್ಲ. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ಬೆನ್ನಿನವರೆಗೆ ಹೋಗುವ ನೋವಿಗೆ ಇದು ಮದ್ದು. ‘ಗ್ಯಾಸ್’ ಕೂಡ ಇದೇ ಜಾತಿಯ ಪದ. ‘ಹೊಟ್ಟೆಗೆ ಗ್ಯಾಸ್ ತುಂಬಿಸಿ ಮಾಡ್ತೀವಿ’ ಎಂದರೆ, ಮೊದಲೇ ಗ್ಯಾಸ್ ಆಗುತ್ತದೆ ಎಂದು ಬಂದವರು ಗಾಬರಿಯಾಗುತ್ತಾರೆ. ಇಲ್ಲಿ ತುಂಬುವುದು ಇಂಗಾಲದ ಡೈಆಕ್ಸೈಡ್, ಅದೂ ಕರುಳಿನ ಒಳಗಲ್ಲ, ಹೊಟ್ಟೆಯ ಗೋಡೆಗೂ ಕರುಳಿಗೂ ನಡುವಿನ ಜಾಗಕ್ಕೆ. ಆಪರೇಷನ್ ಆದ ಮೇಲೆ ಒಂದೆರಡು ದಿನ ಭುಜ ನೋಯುವುದು ಇದರಿಂದಲೇ. ಮೊದಲೇ ಹೇಳದಿದ್ದರೆ ‘ಹೊಟ್ಟೆ ಆಪರೇಷನ್ ಮಾಡಿ ಭುಜಕ್ಕೆ ಏನೋ ಮಾಡಿದ್ದಾರೆ’ ಎಂಬ ಜಗಳ ಗ್ಯಾರಂಟಿ. ಜೊತೆಗೆ ‘ಲೇಸರ್’. ಸಣ್ಣ ತೂತುಗಳಿಂದ ದುರ್ಬೀನು ಹಾಕಿ ಮಾಡುವ ಲ್ಯಾಪ್ರೊಸ್ಕೋಪಿಗೆ ಊರೆಲ್ಲ ಲೇಸರ್ ಆಪರೇಷನ್ ಎಂದೇ ಹೆಸರು, ಲೇಸರ್ ಅಂದಮೇಲೆ ಕೊಯ್ಯುವುದೇ ಇಲ್ಲ ಎಂದು ನಂಬಿಕೆ. ವಾಸ್ತವದಲ್ಲಿ ಸಾಮಾನ್ಯವಾಗಿ ನಾಲ್ಕು ಕಡೆ ಕೊಯ್ತ, ಹೊಕ್ಕುಳ ಬಳಿ ಸುಮಾರು 10 ಮಿಲಿಮೀಟರ್, ಉಳಿದವುಗಳಲ್ಲಿ ಹೆಚ್ಚಿನವು 5.

ಸಮ್ಮತಿ ಪತ್ರವನ್ನು ಕನ್ನಡಕ್ಕೆ ಅನುವಾದಿಸಿಬಿಟ್ಟರೆ ಸಾಕು ಎಂದು ಆಡಳಿತ ವಿಭಾಗದವರು ಭಾವಿಸುತ್ತಾರೆ. ‘ಪಿತ್ತನಾಳ ಕ್ಷತಿ’, ‘ಅರಿವಳಿಕೆಯ ಉಪದ್ರವಗಳು’ ಎಂದು ಅಚ್ಚು ಹಾಕಿಸಿದರೆ ಅದು ಕನ್ನಡ ಲಿಪಿಯಲ್ಲಿರುವ ಇಂಗ್ಲಿಷ್ ಅಷ್ಟೇ. ಹತ್ತನೇ ಕ್ಲಾಸ್ ಓದಿದವರಿಗೂ ಅರ್ಥವಾಗದು. ಅರಿವಳಿಕೆಗೆ ‘ಪ್ರಜ್ಞೆ ತಪ್ಪಿಸೋ ಮದ್ದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಕಲಬುರಗಿಯಲ್ಲಿ ಉರ್ದು, ಬಳ್ಳಾರಿಯಲ್ಲಿ ತೆಲುಗು, ಮಂಗಳೂರಲ್ಲಿ ತುಳು, ಬ್ಯಾರಿ ಮನೆಮಾತಾದವರಿಗೆ ಆ ಭಾಷೆ ಬಲ್ಲ ಸಿಬ್ಬಂದಿಯೊಬ್ಬರನ್ನು ಕೂರಿಸಿಕೊಳ್ಳಬೇಕು, ಅವರ ಹೆಸರನ್ನೂ ಪತ್ರದಲ್ಲಿ ಬರೆಯಬೇಕು. ರೋಗಿಯ ಶಾಲೆ ಓದುವ ಮೊಮ್ಮಗಳನ್ನು ದುಭಾಷಿ ಮಾಡುವುದು ಬೇಡ. ಅಜ್ಜಿಗೆ ಹೆದರಿಕೆಯಾಗುತ್ತದೆಂದು ಮಗು ಅರ್ಧ ಮಾತು ನುಂಗಿಕೊಳ್ಳುತ್ತದೆ.

ಹಾಗಾದರೆ ಹೇಗೆ ಹೇಳುವುದು? ಮೊದಲು ಜಾಗ ಮತ್ತು ಹೊತ್ತು. ತುರ್ತಿಲ್ಲದ ಆಪರೇಷನ್ನಿಗೆ ಮಾತುಕತೆ ನಡೆಯಬೇಕಾದ್ದು ಓಪಿಡಿಯಲ್ಲಿ, ದಿನಾಂಕ ನಿಗದಿ ಮಾಡುವ ಮುಂಚೆ. ಇಬ್ಬರೂ ಕುಳಿತಿರಬೇಕು. ಹತ್ತು ನಿಮಿಷ ಬೇಕಾಗುತ್ತದೆ. ಓಪಿಡಿ ಚೀಟಿಯ ಹಿಂಬದಿಯಲ್ಲಿ ಲಿವರ್, ಅದರ ಕೆಳಗೊಂದು ಚೀಲ, ಚೀಲದಿಂದ ಕರುಳಿಗೆ ಹೋಗುವ ನಾಳ, ಇಷ್ಟು ಗೀಚಿ ತೋರಿಸಿ. ಚಿತ್ರ ಚೆಂದ ಇರಬೇಕಿಲ್ಲ.

‘ನೋಡಿಯಮ್ಮಾ, ಲಿವರ್ ಕೆಳಗೆ ಬೆರಳುದ್ದದ ಒಂದು ಚೀಲ ಇದೆ. ಎಣ್ಣೆ, ತುಪ್ಪ ಅರಗಿಸೋಕೆ ಲಿವರ್ ಒಂದು ರಸ ಮಾಡುತ್ತೆ, ಅದು ಈ ಚೀಲದಲ್ಲಿ ಕೂತಿರುತ್ತೆ. ಅಲ್ಲೇ ಕಲ್ಲಾಗಿದೆ. ಕಲ್ಲಷ್ಟೇ ತೆಗೆದು ಚೀಲ ಬಿಟ್ರೆ ಮತ್ತೆ ಕಲ್ಲು ಕಟ್ಟಬಹುದು. ಅದಕ್ಕೆ ಚೀಲಾನೂ ಪೂರ್ತಿ ತೆಗೀತೀವಿ. ರಸ ಮಾಡೋ ಲಿವರ್ ಇದ್ದೇ ಇರುತ್ತಲ್ಲ, ಊಟ ಅರಗುತ್ತೆ. ಕೆಲವರಿಗೆ ಮಾತ್ರ ಜಿಡ್ಡು ತಿಂದಾಗ ಸ್ವಲ್ಪ ದಿನ ಭೇದಿ ಆಗಬಹುದು.’

ಇಲ್ಲಿಗೆ ಆಪರೇಷನ್ ಏನು ಎಂಬುದಾಯಿತು. ಮುಂದಿನದು ಅಪಾಯ, ಹೆಚ್ಚು ಜನ ಎಡವುವುದು ಇಲ್ಲಿ. ‘ಏನೂ ಆಗಲ್ಲ’ ಎಂಬುದು ಒಂದು ಅತಿ, ಸಾವಿನಿಂದ ಹಿಡಿದು ಇಪ್ಪತ್ತು ತೊಡಕುಗಳನ್ನು ಗಡಗಡ ಓದಿ ಹೇಳುವುದು ಇನ್ನೊಂದು. ಎರಡರಲ್ಲೂ ರೋಗಿಗೆ ದಕ್ಕುವುದು ಏನಿಲ್ಲ. ಶೇಕಡಾ ಲೆಕ್ಕ ಬೇಡ, ತಲೆ ಎಣಿಸಿ ಹೇಳಿ: ‘ನೂರು ಜನಕ್ಕೆ ದುರ್ಬೀನಿನಲ್ಲಿ ಶುರು ಮಾಡಿದ್ರೆ ಐದಾರು ಜನಕ್ಕೆ ಹೊಟ್ಟೆ ತೆರೆದೇ ಮುಗಿಸಬೇಕಾಗುತ್ತೆ. ಸಾವಿರ ಜನದಲ್ಲಿ ಮೂರರಿಂದ ಐದು ಜನಕ್ಕೆ ಪಕ್ಕದ ದೊಡ್ಡ ನಾಳಕ್ಕೆ ಪೆಟ್ಟಾಗುತ್ತೆ, ಹಾಗಾದ್ರೆ ಇನ್ನೊಂದು ದೊಡ್ಡ ಆಪರೇಷನ್ ಬೇಕಾಗಬಹುದು.’ ಪಿತ್ತಕೋಶ ಕೀವುಗಟ್ಟಿ ಊದಿಕೊಂಡಿದ್ದರೆ ಹೊಟ್ಟೆ ತೆರೆಯಬೇಕಾಗುವ ಸಂಭವ ಇನ್ನೂ ಹೆಚ್ಚು, ಅದನ್ನು ಆ ರೋಗಿಗೆ ಬೇರೆಯಾಗಿಯೇ ಹೇಳಬೇಕು. ತಮ್ಮ ಆಸ್ಪತ್ರೆಯ ಲೆಕ್ಕ ಇಟ್ಟಿರುವ ಸರ್ಜನ್ ಅದನ್ನೇ ಹೇಳುವುದು ಪುಸ್ತಕದ ಅಂಕಿಗಿಂತ ಎಷ್ಟೋ ಮೇಲು.

ಆಪರೇಷನ್ ಮಾಡಿಸದಿದ್ದರೆ ಏನು ಎಂಬುದನ್ನು ಹೇಳುವವರು ಕಡಿಮೆ. ನೋವೇ ಇಲ್ಲದೆ, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡ ಕಲ್ಲಾದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಂದ ನಾಲ್ವರಿಗಷ್ಟೇ ತೊಂದರೆ ಶುರುವಾಗುತ್ತದೆ. ಅಂಥವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ, ಕಾದು ನೋಡಬಹುದು. ಈ ವಾಕ್ಯ ಬಿಟ್ಟು ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು.

ಎಲ್ಲ ಹೇಳಿದ ಮೇಲೆ ‘ಅರ್ಥ ಆಯ್ತಾ?’ ಎಂದು ಕೇಳುತ್ತೇವೆ. ಉತ್ತರ ಯಾವಾಗಲೂ ‘ಹ್ಞೂಂ’. ಡಾಕ್ಟರ ಎದುರು ಅರ್ಥವಾಗಲಿಲ್ಲ ಎನ್ನುವುದು ಅವಮರ್ಯಾದೆ ಎಂದೇ ನಮ್ಮಲ್ಲಿ ಬಹಳ ಜನರ ಭಾವನೆ. ಅದರ ಬದಲು ಹೀಗೆ ಕೇಳಿ: ‘ಊರಲ್ಲಿ ತಂಗಿ ಫೋನ್ ಮಾಡಿ ಏನು ಆಪರೇಷನ್ ಅಕ್ಕಾ ಅಂದ್ರೆ ಏನು ಹೇಳ್ತೀರಿ? ನಾನು ಸರಿಯಾಗಿ ಹೇಳಿದೀನೋ ಇಲ್ವೋ ನೋಡಬೇಕು.’ ಪರೀಕ್ಷೆ ಡಾಕ್ಟರದು, ರೋಗಿಯದಲ್ಲ ಎಂಬ ಧ್ವನಿ ಇದ್ದರೆ ಅವರು ಬಾಯಿ ಬಿಡುತ್ತಾರೆ. ‘ಕಲ್ಲು ತೆಗೀತಾರಂತೆ ಕಣೇ’ ಎಂಬ ಉತ್ತರ ಬಂದರೆ ಮತ್ತೆ ಚಿತ್ರಕ್ಕೆ ಹೋಗಬೇಕು, ಬೇರೆ ಮಾತಿನಲ್ಲಿ ಹೇಳಬೇಕು. ಚೀಲ ಹೋಗುತ್ತದೆ, ಹೊಟ್ಟೆ ತೆರೆಯಬೇಕಾಗಬಹುದು, ಮಾಡಿಸದಿದ್ದರೆ ಹೀಗಾಗಬಹುದು: ಈ ಮೂರು ಅವರ ಬಾಯಿಂದ ಬಂದರೆ ಸಾಕು.

‘ನೀವೇ ದೇವ್ರು ಸಾರ್, ನೀವು ಹೇಳ್ದಂಗೆ’ ಎನ್ನುವವರಿದ್ದಾರೆ. ಅದು ಗೌರವ, ಒಪ್ಪಿಗೆಯಲ್ಲ. ಇನ್ನು ಕೆಲವು ಕಡೆ ರೋಗಿ ಮೂಲೆಯ ಸ್ಟೂಲಿನಲ್ಲಿ, ಹಿರಿಮಗ ಡಾಕ್ಟರ ಎದುರು ಕುರ್ಚಿಯಲ್ಲಿ. ಮಾತೆಲ್ಲ ಅವರಿಬ್ಬರ ನಡುವೆ. ‘ಅಮ್ಮನಿಗೆ ಏನೂ ಹೇಳಬೇಡಿ ಸಾರ್, ತಡಕೊಳ್ಳಲ್ಲ’ ಎಂಬ ಕೋರಿಕೆ ಬಂದಾಗ ಮಗನನ್ನು ಗದರಿಸುವುದು ಬೇಡ, ಒಪ್ಪುವುದೂ ಬೇಡ. ಅಮ್ಮನನ್ನೇ ಕೇಳಿ: ‘ನಿಮ್ಮ ಕಾಯಿಲೆ ವಿಷಯ ಎಲ್ಲ ನಿಮಗೇ ಹೇಳಲಾ, ಇಲ್ಲ ಮಗನ ಹತ್ರ ಮಾತಾಡಲಾ?’ ಅವರೇ ‘ಅವನಿಗೆ ಹೇಳಿ’ ಎಂದರೆ ಆ ಮಾತನ್ನು ಕೇಸ್ ಶೀಟಿನಲ್ಲಿ ಬರೆದಿಡಿ. ಆದರೂ ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಸಹಿ ಅವರದೇ ಆಗಬೇಕು. ಹೆಂಡತಿಯ ಆಪರೇಷನ್ನಿಗೆ ಗಂಡನೊಬ್ಬನೇ ಸಹಿ ಹಾಕುವ ಪದ್ಧತಿ ಇನ್ನೂ ಹೋಗಿಲ್ಲ. ಗರ್ಭಪಾತದ ವಿಷಯದಲ್ಲೂ 1971ರ ಕಾನೂನು ಕೇಳುವುದು 18 ದಾಟಿದ ಮಹಿಳೆಯ ಒಪ್ಪಿಗೆಯನ್ನು ಮಾತ್ರ, ಗಂಡನದನ್ನಲ್ಲ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಕೊಟ್ಟ ತೀರ್ಪು ನಮ್ಮ ಕೈಪಿಡಿ ಇದ್ದಂತೆ. ಪ್ರಕರಣ 1995ರದು, ದೆಹಲಿಯದು. ಅತಿ ರಕ್ತಸ್ರಾವವೆಂದು ಹೋದ 44 ವರ್ಷದ ಅವಿವಾಹಿತೆಯೊಬ್ಬರು ಲ್ಯಾಪ್ರೊಸ್ಕೋಪಿಗೆ, ಬೇಕಾದರೆ ಹೊಟ್ಟೆ ತೆರೆಯಲಿಕ್ಕೂ ಸಹಿ ಹಾಕಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಥಿಯೇಟರಿನಿಂದ ಹೊರಬಂದ ಸಹಾಯಕ ವೈದ್ಯೆ, ಕಾದು ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದರು. ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಿತ್ತು, ವಯಸ್ಕ ಮಗಳ ಪರವಾಗಿ ಒಪ್ಪಲು ತಾಯಿಗೆ ಅಧಿಕಾರವಿಲ್ಲ ಎಂದಿತು ಕೋರ್ಟ್. ವೈದ್ಯರು ಫೀಸಿಗೆ ಅರ್ಹರಲ್ಲ, 25,000 ರೂಪಾಯಿ ಪರಿಹಾರ ಕೊಡಬೇಕು ಎಂದು ಆದೇಶವಾಯಿತು. ಮೊತ್ತ ಸಣ್ಣದು, ಪಾಠ ದೊಡ್ಡದು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ನಡೆಯದು, ಒಂದು ಆಪರೇಷನ್ನಿಗೆ ಕೊಟ್ಟದ್ದು ಇನ್ನೊಂದಕ್ಕೆ ನಡೆಯದು. ಒಳಗೆ ಬೇರೇನಾದರೂ ಕಾಣಬಹುದು ಅನ್ನಿಸಿದರೆ, ಕಂಡರೆ ಏನು ಮಾಡುವುದೆಂದು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ‘ಅಗತ್ಯ ಬಿದ್ದರೆ ಯಾವುದೇ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದೇನೆ’ ಎಂಬ ಅಚ್ಚಿನ ಸಾಲನ್ನು ನಂಬಿ ಕೂರಬಾರದು.

ಪ್ರಜ್ಞೆಯಿಲ್ಲದೆ ಬಂದ ಅಪಘಾತದ ಗಾಯಾಳುವಿನ ಮಾತು ಬೇರೆ. ಯಾರೂ ಜೊತೆಗಿಲ್ಲದಿದ್ದರೆ ಜೀವ ಉಳಿಸಲು ಬೇಕಾದ್ದನ್ನು ಒಪ್ಪಿಗೆಯಿಲ್ಲದೆಯೇ ಮಾಡಬಹುದು. ಹಿಂದೆ ಐಪಿಸಿಯ 92ನೇ ಸೆಕ್ಷನ್, ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನ 30ನೇ ಸೆಕ್ಷನ್ ಇದಕ್ಕೆ ರಕ್ಷಣೆ. ಏಕೆ ಕಾಯಲಾಗಲಿಲ್ಲ ಎಂದು ಸಮಯ ಹಾಕಿ ಬರೆದರಾಯಿತು.

ಪತ್ರದ ಬಗ್ಗೆ ಕೆಲವು ಮಾತು. ಆಪರೇಷನ್ನಿನ ಹೆಸರು, ಎಡವೋ ಬಲವೋ, ಸರ್ಜನ್ ಹೆಸರು, ದಿನಾಂಕ, ಗಂಟೆ, ನಿಮಿಷ ಇರಲಿ. ಗಂಟೆ ಏಕೆಂದರೆ, ಥಿಯೇಟರಿಗೆ ಕಳಿಸುವ ಮುಂಚೆ ನಿದ್ದೆ ಬರಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ಟ್ರಾಲಿಯ ಮೇಲೆ ಸಹಿ ಹಾಕಿಸಿಕೊಂಡರೆ ಆ ಸಹಿಗೆ ಬೆಲೆಯಿಲ್ಲ. ಡ್ರಗ್ ಚಾರ್ಟಿನ ಸಮಯ, ಪತ್ರದ ಸಮಯ ಪಕ್ಕಪಕ್ಕ ಇಟ್ಟರೆ ವಕೀಲರಿಗೆ ಅಷ್ಟೇ ಸಾಕು. ಹೆಬ್ಬೆಟ್ಟಾದರೆ ಓದಿ ಹೇಳಿದವರು ಯಾರು, ಯಾವ ಭಾಷೆಯಲ್ಲಿ ಎಂದು ಬರೆಯಿರಿ. ಅರಿವಳಿಕೆಗೆ ಪ್ರತ್ಯೇಕ ಪತ್ರ, ಅದನ್ನು ವಿವರಿಸಬೇಕಾದವರು ಅರಿವಳಿಕೆ ತಜ್ಞರು. ರಕ್ತ ಕೊಡುವುದಿದ್ದರೆ ಅದಕ್ಕೂ ಬೇರೆ. ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಎಚ್‌ಐವಿಯನ್ನು ಸದ್ದಿಲ್ಲದೆ ಸೇರಿಸುವ ರೂಢಿ ಇದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅದಕ್ಕೂ ತಿಳಿಸಿ ಒಪ್ಪಿಗೆ ಪಡೆಯಬೇಕು. ದಾಖಲೆಯ ಪ್ರತಿ ಬೇಕೆಂದು ರೋಗಿ ಕೇಳಿದರೆ 2002ರ ವೈದ್ಯಕೀಯ ನಡತೆಯ ನಿಯಮಾವಳಿಯಂತೆ 72 ಗಂಟೆಯೊಳಗೆ ಕೊಡಬೇಕು.

ಸಹಿಯಾದ ಮೇಲೂ ಮಾತು ಕೈಕೊಡುವ ಜಾಗ ಒಂದಿದೆ. ‘ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ.’ ಬಂದವರನ್ನು ‘ಏನಾದ್ರೂ ತಿಂದ್ರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾರೆ, ಪ್ರಾಮಾಣಿಕವಾಗಿಯೇ. ಬಸ್ ಹತ್ತುವ ಮುಂಚೆ ಒಂದು ಲೋಟ ಕಾಫಿ ಕುಡಿದಿರುತ್ತಾರೆ. ಕಾಫಿ ನಮ್ಮಲ್ಲಿ ತಿನ್ನುವ ಲೆಕ್ಕಕ್ಕೆ ಬರುವುದೇ ಇಲ್ಲವಲ್ಲ! ಹಾಲು ಹಾಕಿದ ಕಾಫಿಗೆ ಅರಿವಳಿಕೆಯ ಲೆಕ್ಕದಲ್ಲಿ ಇಡ್ಲಿಯಷ್ಟೇ, 6 ಗಂಟೆ ಬಿಡಬೇಕು. ಎಣ್ಣೆಯಲ್ಲಿ ಕರಿದದ್ದು, ಮಾಂಸದೂಟವಾದರೆ 8. ಬರೀ ನೀರಾದರೆ 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಮದ್ದು ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು, ಅದಕ್ಕೇ ಈ ಕಟ್ಟುನಿಟ್ಟು. ಆದ್ದರಿಂದ ಚೀಟಿಯಲ್ಲಿ ‘ಖಾಲಿ ಹೊಟ್ಟೆ’ ಎಂದು ಬರೆಯಬೇಡಿ. ‘ರಾತ್ರಿ 10ರ ಮೇಲೆ ಊಟ, ಹಾಲು, ಕಾಫಿ, ಟೀ, ಎಲೆಅಡಿಕೆ ಬೇಡ. ಬೆಳಗ್ಗೆ 6ರವರೆಗೆ ನೀರು ಕುಡಿಯಬಹುದು’ ಎಂದು ಗಂಟೆ ಹಾಕಿ ಬರೆಯಿರಿ. ಬಿಪಿ, ಶುಗರ್ ಮಾತ್ರೆಗಳಲ್ಲಿ ಯಾವುದು ನುಂಗಬೇಕು, ಯಾವುದು ಬಿಡಬೇಕು ಎಂಬುದನ್ನು ಮಾತ್ರೆಯ ಹೆಸರು ಹಿಡಿದೇ ಬರೆಯಬೇಕು. ‘ಬಿಳಿ ಮಾತ್ರೆ’ ಎಂದರೆ ಮನೆಯ ಡಬ್ಬಿಯಲ್ಲಿ ನಾಲ್ಕು ಬಗೆಯ ಬಿಳಿ ಮಾತ್ರೆ ಇರುತ್ತವೆ.

ಎಲ್ಲ ಕೇಳಿ, ಎಲ್ಲ ತಿಳಿದು, ‘ಬೇಡ ಡಾಕ್ಟ್ರೇ, ಮಗಳ ಮದುವೆ ಮುಗೀಲಿ’ ಎನ್ನುವವರೂ ಇದ್ದಾರೆ. ಅದೂ ಅವರ ಹಕ್ಕು. ‘ನಿಮ್ಮ ರಿಸ್ಕ್’ ಎಂದು ಮುಖ ಗಂಟಿಕ್ಕಿ ಸಹಿ ಹಾಕಿಸಿಕೊಂಡು ಕಳಿಸಿದರೆ ಅವರು ನೋವು ಬಂದರೂ ಮುಜುಗರಪಟ್ಟು ಆ ಆಸ್ಪತ್ರೆಗೆ ಹಿಂತಿರುಗುವುದಿಲ್ಲ. ಬೇಡವೆಂದದ್ದನ್ನೂ ಕಾರಣವನ್ನೂ ಕೇಸ್ ಶೀಟಿನಲ್ಲಿ ಬರೆದುಕೊಂಡು, ಅವರ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಬರೆದುಕೊಡಿ: ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ, ಬಲಪಕ್ಕೆಯ ನೋವು ನಾಲ್ಕೈದು ಗಂಟೆಯಾದರೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಮದುವೆಯ ದಿನವಾದರೂ ಸರಿ, ಬನ್ನಿ. ಕೆಳಗೆ ರಾತ್ರಿ ಹೊತ್ತು ಎತ್ತುವ ಫೋನ್ ನಂಬರ್ ಇರಲಿ.