ಓಡುತ್ತಿರುವ ಪ್ರೋಗ್ರಾಮಿನೊಳಗೆ ಇಣುಕುವುದು ಯಾಕೆ ಕಷ್ಟವಾಯಿತು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ಇದ್ದ ದಿನ. ಒಂದು ದಲಾಲಿ ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಮ್ ಮಧ್ಯಾಹ್ನ ಹ್ಯಾಂಗ್ ಆಯಿತು. ಹುಬ್ಬಳ್ಳಿಯಲ್ಲಿದ್ದು ಇಂಥ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಅವತ್ತು ಅಲ್ಲೇ ಇದ್ದೆ. "ಬಂದ್ ಮಾಡಬ್ಯಾಡ್ರಿ ಸರ, ಮುಂಜಾನಿಂದ ಹೊಡದ ಲೆಕ್ಕ ಎಲ್ಲಾ ಹೋಗತೈತಿ" ಅಂದರು ಸಾಹುಕಾರರು. ನಿಜವೇ. ಲೆಕ್ಕ ಇನ್ನೂ ಡಿಸ್ಕಿಗೆ ಇಳಿದಿರಲಿಲ್ಲ, ಮೆಮೊರಿಯಲ್ಲೇ ಇತ್ತು. ಡೀಬಗ್ಗರ್ (ಓಡುತ್ತಿರುವ ಪ್ರೋಗ್ರಾಮಿನೊಳಗೆ ಇಣುಕಿ ತಪ್ಪು ಹುಡುಕುವ ಸಾಧನ) ಹಚ್ಚಿ ಒಳಗೆ ನೋಡೋಣ ಅಂತ ಜಿಡಿಬಿ ಅನ್ನೋ ಡೀಬಗ್ಗರ್ ತೆರೆದೆ. ಬಂದ ಉತ್ತರ: 'ಆಪರೇಷನ್ ನಾಟ್ ಪರ್ಮಿಟೆಡ್'. ಆ ಪ್ರೋಗ್ರಾಮ್ ನಡೆಯುತ್ತಿದ್ದದ್ದು ನಾನು ಲಾಗಿನ್ ಆಗಿದ್ದ ಅದೇ ಯೂಸರ್ ಹೆಸರಲ್ಲಿ. ಆದರೂ ಒಳಗೆ ಬಿಡಲಿಲ್ಲ.

ಮೊದಲು ಹೀಗಿರಲಿಲ್ಲ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಸಿಕ್ಕ ಪತಂಗವನ್ನು ಲಾಗ್ ಪುಸ್ತಕಕ್ಕೆ ಅಂಟಿಸಿದ ಕಥೆ ಎಲ್ಲರಿಗೂ ಗೊತ್ತು. ಪ್ರೋಗ್ರಾಮಿನ ತಪ್ಪಿಗೆ 'ಬಗ್', ಅಂದರೆ ಹುಳ, ಅನ್ನುತ್ತಾರೆ. 1961ರಲ್ಲಿ ಅಮೆರಿಕದ ಎಂಐಟಿಯ ಪಿಡಿಪಿ-1 ಕಂಪ್ಯೂಟರಿಗೆ ಡೀಬಗ್ಗರ್ ಬಂತು. ಹುಳ ಕೊಲ್ಲುವುದು ಅಂತ ತಮಾಷೆಗೆ ಅದಕ್ಕೆ ಡಿಡಿಟಿ ಅಂತ ಹೆಸರಿಟ್ಟರು. 70ರ ದಶಕದಲ್ಲಿ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿಗೆ ಪಿಟ್ರೇಸ್ ಅನ್ನೋ ಸೌಲಭ್ಯ ಸೇರಿತು, 1986ರಲ್ಲಿ ರಿಚರ್ಡ್ ಸ್ಟಾಲ್ಮನ್ ಜಿಡಿಬಿ ಬರೆದರು.

ಈ ಪಿಟ್ರೇಸ್ ಕೆಲಸ ನೋಡಲು ಚಂದ. ಅದರ ಮೂಲಕ ಒಂದು ಪ್ರೋಗ್ರಾಮ್ ಇನ್ನೊಂದರ ಮೆಮೊರಿ ಓದಬಹುದು, ತಿದ್ದಬಹುದು, ಬೇಕಾದಲ್ಲಿ ನಿಲ್ಲಿಸಬಹುದು. ಇಂಟೆಲ್ ಚಿಪ್ಪಿನಲ್ಲಿ ಬ್ರೇಕ್‌ಪಾಯಿಂಟ್ ಅಂದರೆ ಒಂದೇ ಬೈಟಿನ ಆಟ. ನಿಲ್ಲಬೇಕಾದ ಜಾಗದ ಬೈಟ್ ತೆಗೆದು ಅಲ್ಲಿ 'ಸಿಸಿ' ಅನ್ನೋ ಸೂಚನೆ ಇಡುತ್ತಾರೆ, ಹಳಿ ಮೇಲೆ ಕೆಂಪು ಬಾವುಟ ನೆಟ್ಟ ಹಾಗೆ. ಪ್ರೊಸೆಸರ್ ಅಲ್ಲಿಗೆ ಬಂದ ಕೂಡಲೇ ನಿಲ್ಲುತ್ತದೆ, ಕರ್ನೆಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಡೀಬಗ್ಗರಿಗೆ ಸುದ್ದಿ ಮುಟ್ಟಿಸುತ್ತದೆ. ನೋಡಿ ಮುಗಿದ ಮೇಲೆ ಹಳೇ ಬೈಟ್ ವಾಪಸ್ ಇಟ್ಟು ಮುಂದೆ ಬಿಡುತ್ತಾರೆ. ಸಾಮಾನ್ಯವಾಗಿ ಪ್ರೋಗ್ರಾಮಿಗೆ ಏನೂ ಗೊತ್ತಾಗುವುದಿಲ್ಲ. ಸಮಯದ ಮೇಲೆ ನಿಂತ ಬಗ್ ಆಗಿದ್ದರೆ ಮಾತ್ರ ನಿಲ್ಲಿಸಿದ್ದಕ್ಕೇ ಅದು ಮಾಯವಾಗುವುದೂ ಉಂಟು.

ಅನುಕೂಲದ ಜೊತೆ ಅಪಾಯವೂ ಇತ್ತು. ಬ್ರೌಸರಿನೊಳಗೆ ಕಳ್ಳನೊಬ್ಬ ನುಸುಳಿದರೆ, ಅದೇ ಯೂಸರಿನ ಬೇರೆ ಪ್ರೋಗ್ರಾಮುಗಳಿಗೆ ಕೈ ಹಾಕಿ ಪಾಸ್‌ವರ್ಡ್, ಕೀ ಎಲ್ಲ ಎತ್ತಿಕೊಳ್ಳಬಹುದಿತ್ತು. ಹಾಗಾಗಿ 2010ರಲ್ಲಿ ಉಬುಂಟು 10.10 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಒಂದು ರೂಪ) ಬಾಗಿಲು ಹಾಕಿತು: ಇನ್ನು ಮುಂದೆ ತಾನೇ ಶುರು ಮಾಡಿದ ಪ್ರೋಗ್ರಾಮನ್ನಷ್ಟೇ ಡೀಬಗ್ಗರ್ ನೋಡಬಹುದು, ಉಳಿದದ್ದಕ್ಕೆ ರೂಟ್, ಅಂದರೆ ಪೂರ್ತಿ ಅಧಿಕಾರ ಇರುವ ಯೂಸರ್, ಬೇಕು. 2012ರಲ್ಲಿ 'ಯಾಮಾ' ಹೆಸರಿನಲ್ಲಿ ಇದು ಮೂಲ ಲಿನಕ್ಸ್ ಕರ್ನೆಲ್ಲಿಗೂ ಸೇರಿತು. ಇದರ ಬಿಗಿಗೆ 0ಯಿಂದ 3ರವರೆಗೆ ನಾಲ್ಕು ಮಟ್ಟ. 3 ಅಂತ ಹಾಕಿದರೆ ಮುಗೀತು, ರೀಬೂಟ್ ಮಾಡೋವರೆಗೆ ರೂಟ್ ಕೂಡ ಅದನ್ನು ಇಳಿಸುವಂತಿಲ್ಲ. ಫೋನಿನ ಆ್ಯಪ್‌ಗಳದ್ದಂತೂ ಇನ್ನೂ ಬಿಗಿ. ಮಾರುಕಟ್ಟೆಗೆ ಬಿಡುವಾಗಲೇ ಡೀಬಗ್ ದಾರಿ ಮುಚ್ಚಿರುತ್ತಾರೆ.

ಕಾರಣ ಸರಿಯೇ. ಆದರೆ 1997ರ ಜುಲೈನಲ್ಲಿ ಮಂಗಳನ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್ ನೌಕೆ ನೆನಪಾಗುತ್ತದೆ. ಅದು ಪದೇ ಪದೇ ರೀಸೆಟ್ ಆಗುತ್ತಿತ್ತು. ಕೆಳ ಆದ್ಯತೆಯ ಕೆಲಸವೊಂದು ಲಾಕ್ (ಒಂದು ಸಲಕ್ಕೆ ಒಬ್ಬರೇ ಬಳಸಲಿ ಅಂತ ಹಾಕುವ ಬೀಗ) ಹಿಡಿದು ಕೂತರೆ ಮೇಲಿನದು ಕಾಯಬೇಕಾಗುತ್ತಿತ್ತು, ಅಷ್ಟರಲ್ಲಿ ವಾಚ್‌ಡಾಗ್ ಅನ್ನೋ ಕಾವಲು ವ್ಯವಸ್ಥೆ ಎಲ್ಲವನ್ನೂ ರೀಸೆಟ್ ಮಾಡಿಬಿಡುತ್ತಿತ್ತು. ಭೂಮಿಯ ಮೇಲಿದ್ದ ಅದರದೇ ಪ್ರತಿಯಲ್ಲಿ ತೊಂದರೆ ಪತ್ತೆ ಮಾಡಿ, ಒಂದು ಸೆಟ್ಟಿಂಗ್ ಬದಲಿಸುವ ತಿದ್ದುಪಡಿ ಕಳಿಸಿದರು. ಡೀಬಗ್ ಸೌಲಭ್ಯವನ್ನು ಉಡಾವಣೆಗೆ ಮೊದಲು ಕಿತ್ತು ಹಾಕದೇ ಇದ್ದದ್ದಕ್ಕೇ ಇದು ಸುಲಭವಾಯಿತು. ಇನ್ನೊಂದು ತಮಾಷೆ ನೋಡಿ. 2015ರ ಲಿನಕ್ಸ್ 4.0ರಿಂದ ಓಡುತ್ತಿರುವ ಕರ್ನೆಲ್ಲಿಗೇ ತೇಪೆ ಹಾಕುವ ವ್ಯವಸ್ಥೆ ಬಂತು. ದೊಡ್ಡ ಸರ್ವರ್ ನಡೆಸುವವರಿಗೆ ಅಷ್ಟು ಅನುಕೂಲ. ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಮಿನೊಳಗೆ ಇಣುಕಲು ಮಾತ್ರ ಯಾರದ್ದೋ ಒಪ್ಪಿಗೆ ಬೇಕು, ಅಲ್ವಾ?

ಅವತ್ತು ರೂಟ್ ಪಾಸ್‌ವರ್ಡ್ ಇದ್ದದ್ದು ಸಾಫ್ಟ್‌ವೇರ್ ಮಾರಿದವರ ಹತ್ತಿರ. ಕಂಪ್ಯೂಟರ್ ಸಾಹುಕಾರರದ್ದು, ಲೆಕ್ಕವೂ ಅವರದ್ದೇ. ನಾಲ್ಕು ಸಲ ಫೋನ್ ಮಾಡಿದೆವು, ರಿಂಗ್ ಆಗುತ್ತಲೇ ಇತ್ತು. ಕೊನೆಗೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ರಾತ್ರಿ ಹನ್ನೊಂದರವರೆಗೆ ತೂಕದ ಚೀಟಿ ಹರವಿಕೊಂಡು ಗುಮಾಸ್ತರು ಚೀಲದ ಲೆಕ್ಕ ಓದುತ್ತಾ ಹೋದರು, ನಾನು ಸೀನುತ್ತಾ ಟೈಪ್ ಮಾಡಿದೆ.