ಬೆಕ್ಕು ಪರಚುವ ಕಂಬಕ್ಕೆ ಏನು ಸುತ್ತಬೇಕು?

ಪ್ರಶ್ನೆ: ದುಡ್ಡು ಕೊಟ್ಟು ಪರಚುವ ಕಂಬ ತಂದಿಟ್ಟಿದ್ದೇವೆ. ನಮ್ಮ ಬೆಕ್ಕು ಒಂದು ಸಲ ಮೂಸಿ ನೋಡಿ ಹೋಯಿತು, ಮತ್ತೆ ಅದರ ಹತ್ತಿರ ಸುಳಿದಿಲ್ಲ. ಸೋಫಾ ಮಾತ್ರ ದಿನಾ ಪರಚುತ್ತದೆ. ಕಂಬಕ್ಕೆ ಯಾವ ವಸ್ತು ಸುತ್ತಿದರೆ ಬೆಕ್ಕು ಬಳಸುತ್ತದೆ?

ಈ ಪ್ರಶ್ನೆ ದಾವಣಗೆರೆಯ ವಿದ್ಯಾನಗರದಿಂದಲೂ ಬರುತ್ತದೆ, ನಿಟ್ಟುವಳ್ಳಿಯಿಂದಲೂ ಬರುತ್ತದೆ, ಅತ್ತ ಚಿತ್ರದುರ್ಗದಿಂದಲೂ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಉತ್ತರ ಇಷ್ಟೇ: ಕತ್ತಾಳೆ ನಾರಿನ ಹಗ್ಗ ಸುತ್ತಿ. ಅದು ಸಿಗದಿದ್ದರೆ ಸೆಣಬಿನ ಗೋಣಿ. ಖರ್ಚೇ ಬೇಡ ಅಂದರೆ ಕಿರಾಣಿ ಅಂಗಡಿಯ ರಟ್ಟಿನ ಡಬ್ಬಿ. ಆದರೆ ಇಷ್ಟಕ್ಕೇ ಎದ್ದು ಹೋದವರು ಮುಂದಿನ ತಿಂಗಳು ಮತ್ತೆ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಬೆಕ್ಕು ಯಾಕೆ ಪರಚುತ್ತದೆ ಅನ್ನುವುದನ್ನೇ ತಪ್ಪು ತಿಳಿದುಕೊಂಡರೆ, ಎಷ್ಟು ಒಳ್ಳೆಯ ಹಗ್ಗ ತಂದರೂ ಕಂಬ ಕೆಲಸಕ್ಕೆ ಬರುವುದಿಲ್ಲ.

ಆ ತಪ್ಪು ತಿಳಿವಳಿಕೆ ಯಾವುದು ಅಂದರೆ, "ಬೆಕ್ಕು ಉಗುರು ಸಾಣೆ ಹಿಡಿಯುತ್ತದೆ" ಅನ್ನುವುದು. ಹಳ್ಳಿಯ ಅಜ್ಜಿಯೂ ಇದನ್ನೇ ಹೇಳುತ್ತಾರೆ, ಕಾಲೇಜಿನಲ್ಲಿ ಪಾಠ ಮಾಡುವವರೂ ಇದನ್ನೇ ಹೇಳುತ್ತಾರೆ. ಕೇಳಲು ಸರಿ ಅನಿಸುತ್ತದೆ, ಅಲ್ವಾ? ಕುಡುಗೋಲು ಕಲ್ಲಿಗೆ ತಿಕ್ಕಿದ ಹಾಗೆ ಬೆಕ್ಕು ಉಗುರು ತಿಕ್ಕುತ್ತದೆ ಅಂತ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡ ಮೇಲೆ ಅದಕ್ಕೆ ಗಟ್ಟಿಯಾದ, ಒರಟಾದ ವಸ್ತು ಕೊಡಬೇಕು ಅಂತ ಹೊರಡುತ್ತಾರೆ. ಕಂಬಕ್ಕೆ ಮರಳು ಕಾಗದ ಅಂಟಿಸಿದವರನ್ನು ನೋಡಿದ್ದೇನೆ. ಮನೆ ಕಟ್ಟಿಸಿದಾಗ ಉಳಿದ ಗ್ರಾನೈಟ್ ತುಂಡು, ಇಟ್ಟಿಗೆ, ಪಾಲಿಶ್ ಮಾಡಿದ ತೇಗದ ಕಾಲು, ಎಲ್ಲವನ್ನೂ ಬೆಕ್ಕಿನ ಮುಂದೆ ಇಟ್ಟಿದ್ದಾರೆ. ಬೆಕ್ಕು ಯಾವುದನ್ನೂ ಮುಟ್ಟುವುದಿಲ್ಲ. ಮರಳು ಕಾಗದವಂತೂ ಪಂಜದ ಮೆತ್ತನೆಯ ಭಾಗವನ್ನು ಉಜ್ಜಿ ಗಾಯ ಮಾಡುತ್ತದೆ.

ಉಗುರಿನಲ್ಲಿ ನಡೆಯುವುದೇ ಬೇರೆ. ಬೆಕ್ಕಿನ ಉಗುರು ಈರುಳ್ಳಿಯಂತೆ ಪದರ ಪದರವಾಗಿ ಬೆಳೆಯುತ್ತದೆ. ಒಳಗೆ ಹೊಸ ಉಗುರು ಬೆಳೆಯುತ್ತಿದ್ದಂತೆ ಹೊರಗಿನದು ಹಳೆಯದಾಗಿ ಸಡಿಲವಾಗುತ್ತದೆ. ಆ ಹಳೇ ಪದರವನ್ನು ಕಳಚಬೇಕಾದರೆ ಉಗುರು ಎಲ್ಲಾದರೂ ಚುಚ್ಚಿ, ಸಿಕ್ಕಿ ನಿಲ್ಲಬೇಕು. ಆಮೇಲೆ ಬೆಕ್ಕು ಮೈಭಾರ ಹಾಕಿ ಎಳೆಯುತ್ತದೆ. ಪದರ ಅಲ್ಲೇ ಉಳಿಯುತ್ತದೆ, ಒಳಗಿನ ಚೂಪು ತುದಿ ಹೊರಗೆ ಬರುತ್ತದೆ. ಇಲ್ಲಿ ತಿಕ್ಕುವ ಕೆಲಸವೇ ಇಲ್ಲ. ಗ್ರಾನೈಟ್‌ಗೆ ಉಗುರು ಇಳಿಯುವುದಿಲ್ಲ, ಪಾಲಿಶ್ ಮಾಡಿದ ಮರದ ಮೇಲೆ ಜಾರುತ್ತದೆ. ಸೋಫಾ ಬಟ್ಟೆಗೆ ಇಳಿಯುತ್ತದೆ, ಹಿಡಿಯುತ್ತದೆ, ಎಳೆದರೆ ಹರಿಯುತ್ತದೆ. ನಿಮ್ಮ ಬೆಕ್ಕು ಆರಿಸಿಕೊಂಡಿರುವುದು ಸರಿಯಾದ ವಸ್ತುವನ್ನೇ.

ನಂಬಿಕೆ ಬರದಿದ್ದರೆ ಸೋಫಾ ಕೆಳಗೆ ಕಸ ಗುಡಿಸಿ ನೋಡಿ. ಅರ್ಧಚಂದ್ರದ ಆಕಾರದ, ತೆಳ್ಳಗಿನ, ಒಳಗೆ ಪೊಳ್ಳಾದ ಸಿಪ್ಪೆಗಳು ಸಿಗುತ್ತವೆ. "ಉಗುರೇ ಕಿತ್ತು ಬಂದಿದೆ, ಡಾಕ್ಟರ್ ಹತ್ತಿರ ಹೋಗಬೇಕಾ?" ಅಂತ ಗಾಬರಿಯಿಂದ ಫೋಟೋ ಕಳಿಸುತ್ತಾರಲ್ಲ, ಅದೇ ಅದು. ರಕ್ತ, ಊತ, ಕುಂಟು ಇಲ್ಲದಿದ್ದರೆ ಹೆದರಬೇಡಿ. ಇನ್ನೊಂದು ಗಮನಿಸಿ. ಹಿಂಗಾಲಿನ ಉಗುರನ್ನು ಬೆಕ್ಕು ಕಂಬಕ್ಕೆ ಪರಚುವುದಿಲ್ಲ, ಹಲ್ಲಿನಿಂದ ಕಚ್ಚಿ ಸಿಪ್ಪೆ ತೆಗೆಯುತ್ತದೆ. ಸಾಣೆಯೇ ಉದ್ದೇಶವಾಗಿದ್ದರೆ ನಾಲ್ಕೂ ಕಾಲಿಗೆ ಹಿಡಿಯಬೇಕಿತ್ತು.

ಉಗುರಿನ ಮಾತು ಅರ್ಧ ಮಾತ್ರ. ಬೆಕ್ಕಿನ ಪಂಜದ ಬೆರಳುಗಳ ನಡುವೆ ವಾಸನೆಯ ಗ್ರಂಥಿಗಳಿವೆ. ಪರಚಿದಾಗ ಅದರ ವಾಸನೆ ಅಲ್ಲಿ ಉಳಿಯುತ್ತದೆ, ಜೊತೆಗೆ ಕಣ್ಣಿಗೆ ಕಾಣುವ ಗೀರೂ ಉಳಿಯುತ್ತದೆ. "ಇದು ನನ್ನ ಜಾಗ" ಅಂತ ಬೆಕ್ಕು ಬರೆದಿಡುವುದು ಹೀಗೆ. ಹಾಗಾಗಿಯೇ ಅದು ಮನೆಮಂದಿ ಜಾಸ್ತಿ ಕೂರುವ ಸೋಫಾ, ದಿವಾನ, ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತದೆ. ಅದರ ಜೊತೆಗೆ ಮೈಮುರಿಯುವುದೂ ಇದೆ. ನಿದ್ದೆಯಿಂದ ಎದ್ದ ಬೆಕ್ಕು ಮುಂಗಾಲು ಮೇಲಕ್ಕೆ ಚಾಚಿ, ಬೆನ್ನು ಎಳೆದು, ಆಮೇಲೆ ಪರಚುತ್ತದೆ. ನಿಮ್ಮ ಬೆಕ್ಕನ್ನು ಒಂದು ವಾರ ಗಮನಿಸಿ, ಮಲಗಿ ಎದ್ದ ತಕ್ಷಣ ಎಲ್ಲಿಗೆ ಹೋಗುತ್ತದೆ ಅಂತ.

ಇಷ್ಟು ಹೇಳಿದ ಮೇಲೂ "ಆದರೂ ಸಾಣೆಯೇ ಇರಬೇಕು" ಅನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ಬೆಕ್ಕಿನ ಉಗುರನ್ನೇ ಆಪರೇಶನ್ ಮಾಡಿ ತೆಗೆಸುವ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಉಗುರು ಮಾತ್ರವಲ್ಲ, ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುತ್ತಾರೆ. ಕ್ರೂರ ಕೆಲಸ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು. ಹಾಗೆ ಉಗುರು ಕಳೆದುಕೊಂಡ ಬೆಕ್ಕುಗಳೂ ಬರಿ ಪಂಜದಲ್ಲಿ ಸೋಫಾ ಪರಚುತ್ತವೆ. ಉಗುರೇ ಇಲ್ಲದ ಬೆಕ್ಕು ಯಾವುದಕ್ಕೆ ಸಾಣೆ ಹಿಡಿಯುತ್ತದೆ, ಹೇಳಿ?

ಈಗ ವಸ್ತುವಿಗೆ ಬರೋಣ. ಪರೀಕ್ಷೆ ಒಂದೇ: ಉಗುರು ಒಳಗೆ ಇಳಿಯಬೇಕು, ಅಲ್ಲಿ ಹಿಡಿದುಕೊಳ್ಳಬೇಕು, ಎಳೆದಾಗ ಎಳೆ ಎಳೆಯಾಗಿ ಹರಿಯಬೇಕು.

ಕತ್ತಾಳೆ ನಾರು ಇದರಲ್ಲಿ ಎಲ್ಲಕ್ಕಿಂತ ಮುಂದೆ. ಪೇಟೆಯಲ್ಲಿ ಸಿಸಾಲ್ ಅಂತ ಮಾರುವುದು ಇದನ್ನೇ. ನಮ್ಮ ಹೊಲದ ಬೇಲಿಯಲ್ಲಿ ನಿಲ್ಲುವ ಕತ್ತಾಳೆಯ ಬಳಗದ ಗಿಡದ ನಾರು ಅದು. ಬೆಕ್ಕು ಸಾಕಿದವರನ್ನು ಕೇಳಿ ಮಾಡಿದ ಒಂದು ದೊಡ್ಡ ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ಅದರಲ್ಲೂ ಹಗ್ಗ ಸುತ್ತಿದ ಕಂಬವೇ ಗೆದ್ದಿತು, ವಯಸ್ಸಾದ ಬೆಕ್ಕುಗಳು ಮಾತ್ರ ಕಾರ್ಪೆಟ್ ಕಡೆ ವಾಲಿದವು. ದನಕ್ಕೆ ಹಗ್ಗ, ಮೂಗುದಾರ ಮಾರುವ ಅಂಗಡಿಯಲ್ಲಿ ಕೇಳಿ. ಕಾರ ಹುಣ್ಣಿಮೆ ಹತ್ತಿರ ಬಂದಾಗ ಸಂತೆಯಲ್ಲಿ ಹಗ್ಗದ ರಾಶಿಯೇ ಇರುತ್ತದೆ. ಆದರೆ ಕೈಯಲ್ಲಿ ಹಿಡಿದು ನೋಡಿ ತನ್ನಿ, ಈಗ ಹೆಚ್ಚಿನವು ನೈಲಾನ್. ನೈಲಾನ್ ಹಗ್ಗ ಬೇಡವೇ ಬೇಡ. ಉಗುರು ಜಾರುತ್ತದೆ. ಕಿತ್ತುಬಂದ ಎಳೆಯನ್ನು ಬೆಕ್ಕು ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಜೀವಕ್ಕೇ ಅಪಾಯ. ಪುಂಡಿ ನಾರಿನ ಹಗ್ಗ ಸಿಕ್ಕರೆ ಧೈರ್ಯವಾಗಿ ತನ್ನಿ. ಹಸಿ ಕತ್ತಾಳೆ ಪಟ್ಟೆ ತಂದು ನೀವೇ ನಾರು ತೆಗೆಯಲು ಹೋಗಬೇಡಿ, ಅದರ ರಸ ಚರ್ಮಕ್ಕೆ ತಾಗಿದರೆ ಉರಿ, ತುರಿಕೆ.

ತೆಂಗಿನ ನಾರಿನ ಹಗ್ಗ ಹೊಸದುರ್ಗ, ಹಿರಿಯೂರು ಕಡೆಯವರಿಗೆ ಸುಲಭವಾಗಿ ಸಿಗುತ್ತದೆ. ಕೆಲವು ಬೆಕ್ಕು ಒಪ್ಪುತ್ತವೆ, ಕೆಲವಕ್ಕೆ ಅದರ ಮುಳ್ಳುಮುಳ್ಳು ಎಳೆ ಇಷ್ಟವಾಗುವುದಿಲ್ಲ. ಕಾಲೊರೆಸುವ ತೆಂಗಿನ ನಾರಿನ ಮ್ಯಾಟ್ ಪರಚುವ ಬೆಕ್ಕಾದರೆ ಯೋಚನೆಯೇ ಬೇಡ, ಅದನ್ನೇ ಸುತ್ತಿ.

ಗೋಣಿಚೀಲದ ಬಗ್ಗೆ ನನಗೆ ತುಂಬ ಅಭಿಮಾನ. ನಮ್ಮದು ಮೆಕ್ಕೆಜೋಳದ ಊರು, ಎಪಿಎಂಸಿಯಿಂದ ಮನೆ ಅಟ್ಟದ ತನಕ ಚೀಲಕ್ಕೆ ಬರ ಇಲ್ಲ. ಎರಡು ಮೂರು ಪದರ ಬಿಗಿಯಾಗಿ ಸುತ್ತಿ ಹೊಲಿದರೆ ಅಂಗಡಿಯ ಕಂಬಕ್ಕಿಂತ ಚೆನ್ನಾಗಿ ನಡೆಯುತ್ತದೆ. ಆದರೆ ಸೆಣಬನ್ನು ನೂಲುವಾಗ ಎಣ್ಣೆ ಹಾಕುತ್ತಾರೆ, ಹೊಸ ಚೀಲದ ಆ ಸೀಮೆಎಣ್ಣೆಯಂಥ ವಾಸನೆ ಅದರದ್ದು. ಗೋದಾಮಿನ ಚೀಲಕ್ಕೆ ಹುಳದ ಔಷಧವೂ ತಾಗಿರಬಹುದು. ಬಿಸಿನೀರಿನಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಒಣಗಿಸಿ. ಬಿತ್ತನೆ ಬೀಜ ಅಥವಾ ಗೊಬ್ಬರ ತುಂಬಿದ್ದ ಚೀಲ ಮಾತ್ರ ಬೆಕ್ಕಿನ ಹತ್ತಿರ ತರಲೇಬೇಡಿ.

ರಟ್ಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸುಕ್ಕಿನ ಅಂಚು ಮೇಲೆ ಬರುವಂತೆ ಜೋಡಿಸಿ ಬಿಗಿದು ನೆಲದ ಮೇಲಿಡಿ. ಜಮಖಾನ, ಚಾಪೆ ಪರಚುವ ಬೆಕ್ಕಿಗೆ ನಿಂತ ಕಂಬಕ್ಕಿಂತ ಇದೇ ಸರಿ. ಕಂಬಳಿಯ ಮೇಲೆ ಪಂಜ ಒತ್ತಿ ಒತ್ತಿ ತುಳಿಯುವುದನ್ನು ನೋಡಿ "ಇದಕ್ಕೆ ಮೆತ್ತನೆಯದೇ ಇಷ್ಟ" ಅಂತ ಚಳ್ಳಕೆರೆ ಕಂಬಳಿಯನ್ನು ಕಂಬಕ್ಕೆ ಸುತ್ತಬೇಡಿ. ಅದು ಮರಿಯಿದ್ದಾಗ ತಾಯಿಯ ಹೊಟ್ಟೆ ಒತ್ತಿ ಹಾಲು ಕುಡಿದ ಅಭ್ಯಾಸ, ಪರಚುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ವಸ್ತು ಸರಿ ಇದ್ದೂ ಕಂಬ ಅಲ್ಲಾಡಿದರೆ ಎಲ್ಲ ವ್ಯರ್ಥ. ಮೈಭಾರ ಹಾಕಿ ಎಳೆದಾಗ ಒಮ್ಮೆ ವಾಲಿತು ಅಂದರೆ ಬೆಕ್ಕು ಮತ್ತೆ ಅದನ್ನು ನಂಬುವುದು ಕಷ್ಟ. ಅಂಗಡಿಯ ಗಿಡ್ಡ, ಹಗುರ ಕಂಬಗಳು ಸೋಲುವುದು ಇಲ್ಲೇ. ಎತ್ತರ ಕನಿಷ್ಠ 3 ಅಡಿ ಬೇಕು, ಪೂರ್ತಿ ಚಾಚಿ ನಿಲ್ಲುವಷ್ಟು. ಮನೆಯ ಹಿತ್ತಲಲ್ಲಿ ಹಳೇ ಒರಳುಕಲ್ಲು ಬಿದ್ದಿದ್ದರೆ ಅದರ ಕುಳಿಯಲ್ಲಿ ಕಂಬ ನಿಲ್ಲಿಸಿ, ಸುತ್ತ ಸಿಮೆಂಟ್ ತುಂಬಿ. ಅದಕ್ಕಿಂತ ಒಳ್ಳೆಯ ಬುಡ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಚನ್ನಗಿರಿ ಕಡೆಯವರಿಗೆ ಒಣಗಿದ ಅಡಿಕೆ ಮರದ ತುಂಡು ಸಿಗುತ್ತದೆ, ಉಳಿದವರು 4 ಇಂಚಿನ ಪಿವಿಸಿ ಪೈಪ್ ತನ್ನಿ. 3 ಅಡಿಯ ಆ ಪೈಪಿಗೆ 10 ಮಿಲಿಮೀಟರ್ ದಪ್ಪದ ಹಗ್ಗ ಸುಮಾರು 35 ಮೀಟರ್ ಬೇಕಾಗುತ್ತದೆ. ಸಂದು ಬಿಡದೆ ಬಿಗಿಯಾಗಿ ಸುತ್ತಿ. ಘಾಟು ವಾಸನೆಯ ಅಂಟು ಬೇಡ, ಮೊಳೆ ತಲೆ ಹೊರಗೆ ಕಾಣಬಾರದು. ಕಂಬವನ್ನು ಬೆಕ್ಕು ಈಗ ಪರಚುತ್ತಿರುವ ಸೋಫಾದ ಮೂಲೆಗೇ ತಾಗಿಸಿ ಇಡಿ. ಮನೆಯ ಅಂದ ಕೆಡುತ್ತದೆ ಅಂತ ಟೆರೇಸ್ ಮೆಟ್ಟಿಲ ಕೆಳಗೆ ಇಟ್ಟರೆ ಬೆಕ್ಕು ಅಲ್ಲಿಗೆ ಯಾಕೆ ಹೋಗಬೇಕು? ಹಗ್ಗ ಜೂಲು ಜೂಲಾದ ಮೇಲೆ "ಹಳೆಯದಾಯಿತು" ಅಂತ ಎಸೆಯಲೂಬೇಡಿ, ಬೆಕ್ಕಿಗೆ ಅದು ಆಗಲೇ ಚೆನ್ನಾಗಿರುವುದು. ಮತ್ತೆ, ಪಂಜ ಹಿಡಿದು ಬಲವಂತವಾಗಿ ಕಂಬಕ್ಕೆ ಉಜ್ಜಿ ಕಲಿಸುವುದನ್ನು ಇವತ್ತೇ ನಿಲ್ಲಿಸಿ. ಸುಮ್ನೆ ಹೆದರಿಸಿದ ಹಾಗಾಗುತ್ತದೆ.

ಸೋಫಾ ಮೇಲೆ ನೀಲಗಿರಿ ಎಣ್ಣೆ ಸವರುವವರು, ಸಂದಿಯಲ್ಲಿ ನುಸಿ ಗುಳಿಗೆ ಇಡುವವರು ಇದ್ದಾರೆ. ಎರಡೂ ಬೆಕ್ಕಿಗೆ ವಿಷ. ಬೆಕ್ಕು ಪಂಜ ನೆಕ್ಕುತ್ತದೆ, ಅಂಥ ವಸ್ತುವನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತುಂಬ ಕಡಿಮೆ. ಸೋಫಾದ ಮೂಲೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿ, ಸಾಕು.

ವಾಸನೆಯ ಮಾತು ಬಂತು, ಹಾಗಾಗಿ ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು. ಬೆಕ್ಕನ್ನು ಕಂಬದ ಕಡೆ ಸೆಳೆಯಲು ವಿದೇಶದವರು ಕ್ಯಾಟ್‌ನಿಪ್ ಬಳಸುತ್ತಾರೆ. ಅದು ನಮ್ಮ ಪುದೀನ, ತುಳಸಿಯ ಕುಟುಂಬದ ಗಿಡ. ಇಲ್ಲಿನವರು ಅದರ ಪುಡಿಯನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಮಳೆ ಬಿದ್ದ ಮೇಲೆ ನಿಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲೇ ಕುಪ್ಪಿಗಿಡ ಹುಟ್ಟುತ್ತದೆ, ಅದನ್ನು ನೋಡಿದ್ದೀರಾ? ಮೊಣಕಾಲೆತ್ತರದ ಕಳೆ. ಉದ್ದ ತೊಟ್ಟು, ಅಂಚಿಗೆ ಹಲ್ಲಿರುವ ಎಲೆ, ತೆನೆಯ ಮೇಲೆ ಪುಟ್ಟ ಪುಟ್ಟ ಹಸಿರು ಬಟ್ಟಲಿನಂಥ ಎಸಳು. ಅದನ್ನು ಬೇರುಸಹಿತ ಕಿತ್ತು ನೆಲದ ಮೇಲಿಡಿ. ಬೇರಿನ ವಾಸನೆಗೆ ಎಷ್ಟೋ ಬೆಕ್ಕುಗಳು ಬಂದು ಕೆನ್ನೆ ಉಜ್ಜುತ್ತವೆ, ಜೊಲ್ಲು ಸುರಿಸುತ್ತವೆ, ಹೊರಳಾಡುತ್ತವೆ. ಎಲೆಗೆ ಆ ಸೆಳೆತ ಇಲ್ಲ, ಬೇರನ್ನೇ ಜಜ್ಜಿ ಹಗ್ಗಕ್ಕೆ ಉಜ್ಜಬೇಕು. ಮಣ್ಣು ತೊಳೆಯಿರಿ, ಕಳೆನಾಶಕ ಹೊಡೆದ ಜಾಗದ ಗಿಡ ಬೇಡ, ಉಜ್ಜಿದ ಮೇಲೆ ಬೇರನ್ನು ಬೆಕ್ಕಿಗೆ ತಿನ್ನಲು ಬಿಡದೆ ಎತ್ತಿಡಿ. ಎಲ್ಲ ಬೆಕ್ಕಿಗೂ ಇದು ಹಿಡಿಸುವುದಿಲ್ಲ. ಹಿಡಿಸದ ಬೆಕ್ಕಿಗೆ ದಾರದ ತುದಿಗೆ ಗರಿ ಕಟ್ಟಿ ಕಂಬದ ಮೇಲೆ ಆಡಿಸಿ. ಅದನ್ನು ಹಿಡಿಯಲು ಹಾರಿ ಉಗುರು ಹಗ್ಗಕ್ಕೆ ಸಿಕ್ಕಿತು ಅಂದರೆ ಉಳಿದದ್ದು ಬೆಕ್ಕಿಗೇ ಗೊತ್ತಾಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಮಾತ್ರ ಮರೆಯದೆ ಕಪಾಟಿನಲ್ಲಿಡಿ.