ಕಪ್ಪು ಎರೆ ಮಣ್ಣಿನ ಅಂಗಳಕ್ಕೆ ಯಾವ ಹೂ?

"ಅಣ್ಣಾರ, ಹೂ ಬಿಟ್ಟಿದ್ದ ಕೊಡ್ರಿ." ವಿಜಯಪುರದ ನಮ್ಮ ನರ್ಸರಿಗೆ ಬರುವವರು ಜಾಸ್ತಿ ಕೇಳುವುದು ಇದನ್ನೇ. ಮೊಗ್ಗಿನ ಗಿಡ ತೋರಿಸಿದರೆ ಮುಖ ಸಣ್ಣದು ಮಾಡುತ್ತಾರೆ. ಆದರೆ ಚೀಲದಲ್ಲೇ ಅರಳಿ ನಿಂತ ಚೆಂಡುಹೂವಿನ ಗಿಡ ಅರ್ಧ ಆಯುಷ್ಯ ಅಲ್ಲೇ ಕಳೆದಿರುತ್ತದೆ. ಚೀಲವನ್ನು ಮೆಲ್ಲಗೆ ಒತ್ತಿ ಗಿಡ ಹೊರಗೆ ತೆಗೆದು ನೋಡಿ. ಬೇರು ತಳದಲ್ಲಿ ಸಿಂಬಿಯ ಹಾಗೆ ಸುತ್ತಿಕೊಂಡು ಕಂದಾಗಿದ್ದರೆ ಬೇಡ. ಬಿಳಿ ಬೇರು ಈಗಷ್ಟೇ ಅಂಚು ಮುಟ್ಟಿರುವ, ಗಿಡ್ಡ, ದಪ್ಪ ಕಾಂಡದ ಅಗಿ (ಸಸಿ) ಆರಿಸಿಕೊಳ್ಳಿ.

ಚೆಂಡುಹೂ, ಪೆಟುನಿಯಾದಂಥ ಈ ಅಂಗಳದ ಹೂಗಳೆಲ್ಲ ಒಂದು ಹಂಗಾಮಿನ ಗಿಡಗಳು. ಬೀಜ ಮೊಳೆತು, ಹೂಬಿಟ್ಟು, ಮತ್ತೆ ಬೀಜವಾಗಿ ಮುಗಿದುಹೋಗುತ್ತವೆ. ಹಾಗಾಗಿ ಬಣ್ಣಕ್ಕಿಂತ ಮೊದಲು ತಿಂಗಳು ನೋಡಬೇಕು. ನಾನಿದನ್ನು ಕೈ ಸುಟ್ಟುಕೊಂಡೇ ಕಲಿತೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಮನೆಯ ಅಂಗಳಕ್ಕೆ ಫೆಬ್ರವರಿ ಕೊನೆಗೆ ಪೆಟುನಿಯಾ ಹಚ್ಚಿಕೊಟ್ಟಿದ್ದೆ. ಯುಗಾದಿ ಕಳೆಯುವಷ್ಟರಲ್ಲಿ ಉಳಿದದ್ದು ಒಣ ಕಡ್ಡಿ. ಆ ಮನೆಯ ಅಜ್ಜಿ, "ತಮ್ಮಾ, ಇದರ ಬದಲಿ ಕೊತ್ತಂಬರಿ ಹಾಕಿದ್ರ ಸಾರಿಗರೆ ಆಗತಿತ್ತಲ್ಲ" ಅಂದರು.

ಪೆಟುನಿಯಾ, ಫ್ಲಾಕ್ಸ್, ಡಯಾಂಥಸ್ ಚಳಿ ಬೇಡುವ ಜಾತಿ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬೀಜ ಹಾಕಿದರೆ ಸಂಕ್ರಾಂತಿ ಹೊತ್ತಿಗೆ ಅಂಗಳ ತುಂಬುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ವಿಜಯಪುರ, ಬಾಗಲಕೋಟೆಯ ಬೇಸಿಗೆಗೆ ಹತ್ತು ಗಂಟೆ ಹೂ, ಗಲಾಟೆ ಹೂ (ಗೈಲಾರ್ಡಿಯಾ), ಕಿತ್ತಳೆ ಬಣ್ಣದ ಕಾಸ್ಮಾಸ್, ಝಿನಿಯಾ ಸಾಕು. ಹತ್ತು ಗಂಟೆ ಹೂವಿನ ಎಲೆಯಲ್ಲೇ ನೀರಿರುತ್ತದೆ, ಒಂದು ದಿನ ಮರೆತರೂ ಸಾಯುವುದಿಲ್ಲ. ಬೆಳಗಾವಿಯವರ ಲೆಕ್ಕ ಬೇರೆ. ಅಲ್ಲಿ ಮಳೆ ಜಾಸ್ತಿ, ಗೌರಿ ಹೂ (ಬಾಲ್ಸಮ್) ಸೊಗಸಾಗಿ ಬರುತ್ತದೆ. ಅದೇ ಮೋಡದ ವಾತಾವರಣದಲ್ಲಿ ಝಿನಿಯಾ ಎಲೆಗೆ ಹಿಟ್ಟು ಚೆಲ್ಲಿದ ಹಾಗೆ ಬೂದಿರೋಗ ಬರುತ್ತದೆ. ದೂರ ದೂರ ನೆಡಿ, ನೀರನ್ನು ಬುಡಕ್ಕಷ್ಟೇ ಹಾಕಿ.

ಇನ್ನು ಮಣ್ಣು. ಎರೆ ಮಣ್ಣು ಜೋಳಕ್ಕೆ ಬಂಗಾರ, ಸಣ್ಣ ಬೇರಿನ ಹೂಗಿಡಕ್ಕೆ ಕಷ್ಟ. ಮಳೆಗೆ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ನಾಲ್ಕು ಬುಟ್ಟಿ ಮರಳು ಸುರಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಸುಮ್ನೆ ಖರ್ಚು. ಮಡಿಯನ್ನು ಗೇಣೆತ್ತರ ಏರಿಸಿ, ಮಸಾರಿ (ಕೆಂಪು) ಮಣ್ಣು ಮತ್ತು ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಸೇರಿಸಿ. ಆಗಲೂ ಪೆಟುನಿಯಾದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಯೂರಿಯಾ ಹಾಕಬೇಡಿ. ಸುಣ್ಣದಂಶ ಜಾಸ್ತಿ ಇರುವ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಅದರ ಗುರುತು ಇದು. ಬೋರಿನ ಗಡಸು ನೀರು ಅದನ್ನು ಇನ್ನೂ ಹೆಚ್ಚಿಸುತ್ತದೆ. ಇಂಥ ಗಿಡ ಬೇಕೇ ಬೇಕು ಅಂದರೆ ಕುಂಡದಲ್ಲಿ ಬೆಳೆಸಿ. ಆದರೆ ಮಳೆ ನೀರು ಹಿಡಿದಿಟ್ಟುಕೊಳ್ಳುವಷ್ಟು ತಾಳ್ಮೆ ನಿಮಗಿದೆಯಾ ನೋಡಿಕೊಳ್ಳಿ.

ಒಂದೇ ಗಿಡ ಬೆಳೆಸುತ್ತೇನೆ ಅನ್ನುವವರಿಗೆ ನಾನು ಕೊಡುವುದು ಚೆಂಡುಹೂ. ದೀಪಾವಳಿಗೆ ಹೂ ಬೇಕಾದರೆ ಹಬ್ಬದಿಂದ ಹಿಂದಕ್ಕೆ ಎಣಿಸಿ: ಮೂರು ತಿಂಗಳು ಮುಂಚೆ ಬೀಜ, ನಾಲ್ಕು ವಾರದ ಅಗಿ ನಾಟಿ. ಮನೆಯ ಬೀಜವನ್ನೇ ಹಾಕುವುದಾದರೆ ಹೈಬ್ರಿಡ್ ಗಿಡದ್ದು ಬೇಡ, ತಾಯಿಯ ಗುಣ ಹಾಗೇ ಬರುವುದಿಲ್ಲ.

ನೆಟ್ಟು ನಾಲ್ಕು ವಾರವಾದ ಮೇಲೆ ನಡು ಕಾಂಡದ ತುದಿ ಚಿವುಟಬೇಕು. ಮೊದಲ ಮೊಗ್ಗು ಹೋಗುತ್ತದೆ, ಹೂ ಒಂದೆರಡು ವಾರ ತಡವಾಗುತ್ತದೆ, ಪಕ್ಕದಲ್ಲಿ ಕವಲು ಒಡೆಯುತ್ತದೆ. ಹಬ್ಬಕ್ಕೆ ಬೇಕಿದ್ದರೆ ಬೀಜವನ್ನೂ ಅಷ್ಟೇ ಮುಂಚೆ ಹಾಕಿ. ಇದನ್ನು ನಾನೆಷ್ಟು ಹೇಳಿದರೂ ಚಿವುಟುವವರು ಕಡಿಮೆ. ನಮ್ಮ ಮನೆಯವಳೂ ಪ್ರತಿ ವರ್ಷ ಹೊಸಿಲ ಪಕ್ಕ ಹಚ್ಚುವ ಒಂದು ಗಿಡವನ್ನು ಮುಟ್ಟಲು ಬಿಡುವುದಿಲ್ಲ. ಅದು ಉದ್ದಕ್ಕೆ ಬೆಳೆದು ಗೋಡೆಗೆ ಒರಗಿಕೊಂಡೇ ಹೂ ಬಿಡುತ್ತದೆ.